ಡಿಪ್ಲೊಮಾ ಓದೋಕೆ ವಿಮಾನ ಹತ್ತಬೇಕಾ?

ಮನೆಯಲ್ಲಿ ಒಂದು ಮಗು ಹನ್ನೆರಡನೇ ತರಗತಿ ಮುಗಿಸಿದರೆ ಸಾಕು, ಬೀದಿಯವರೆಲ್ಲ ಸಲಹೆಗಾರರಾಗಿಬಿಡುತ್ತಾರೆ. ಬೋರ್ಡು ಬರೆಯುವವನ ಮಗಳು ಹೊರದೇಶಕ್ಕೆ ಓದಲು ಹೋಗುತ್ತಾಳಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಕ್ಷೌರದಂಗಡಿಯವನೂ ಒಂದು ವಿಶ್ವವಿದ್ಯಾಲಯದ ಹೆಸರು ಹೇಳಿಹೋದ.

ಬೋರ್ಡಿನವನಿಗಂತೂ ಹೆಮ್ಮೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಊರಿನ ಡಾಕ್ಟರು, ವಕೀಲರು ಎಲ್ಲರ ಹೆಸರಿನ ಮುಂದೆ ಡಿಗ್ರಿ ಬರೆದ ಕೈ ಅವನದು. ಬರೆದೂ ಬರೆದೂ ಒಂದು ಲೆಕ್ಕ ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು: ಅಕ್ಷರ ಹೆಚ್ಚಿದ್ದಷ್ಟೂ ಓದು ದೊಡ್ಡದು. ಹಾಗಾಗಿ ಹೊರದೇಶದ ಸೀಟು ಕೊಡಿಸುವ ಏಜೆಂಟು ನಾಲ್ಕು ಕೋರ್ಸು ತೋರಿಸಿದಾಗ ಅವನು ಶುಲ್ಕ ನೋಡಲಿಲ್ಲ, ವಿಷಯ ನೋಡಲಿಲ್ಲ. ಬೋರ್ಡಿನ ಈ ತುದಿಯಿಂದ ಆ ತುದಿಗೆ ತುಂಬುವಂಥ ಉದ್ದನೆಯ ಹೆಸರಿನದಕ್ಕೆ ಬೆರಳಿಟ್ಟ. ಅದು ಆಸ್ಪತ್ರೆಯ ಆಡಳಿತದ ಕೋರ್ಸು.

ಮಗಳ ಆಸೆಯೇ ಬೇರೆ. ಚಿಕ್ಕಂದಿನಿಂದ ಅಪ್ಪನ ಶೆಡ್ಡಿನಲ್ಲಿ ಬೋರ್ಡಿನ ಮರ ಉಜ್ಜಿ, ಬಿರುಕಿಗೆ ಪುಟ್ಟಿ ಮೆತ್ತಿ ಬೆಳೆದವಳು; ಕೈಗೆ ಕೆಲಸವಿಲ್ಲದಿದ್ದರೆ ಅವಳಿಗೆ ಊಟ ಸೇರದು. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡುವುದನ್ನು ಕಲಿಯಬೇಕು ಅಂತ ಅವಳ ಹಟ. ಅದಕ್ಕೆ ಹೊರದೇಶದ ಒಂದು ತಾಂತ್ರಿಕ ಕಾಲೇಜನ್ನೂ ಅವಳೇ ಹುಡುಕಿದ್ದಳು. ಆದರೆ ಅಲ್ಲಿ ಮೊದಲು ಸಿಗುವುದು ಡಿಪ್ಲೊಮಾ.

“ಡಿಪ್ಲೊಮಾ ಓದೋಕೆ ವಿಮಾನ ಹತ್ತಬೇಕಾ?” ಎಂದು ಅಪ್ಪ ಮುಖ ಸಿಂಡರಿಸಿದ.

ಭಾನುವಾರ ಬೋರ್ಡಿನವನ ನಾದಿನಿ, ಹೆಂಡತಿಯ ತಂಗಿ, ಬಂದಳು. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟು, ಹೊಸ ಕಾಲು ಹಾಕಿಸಿಕೊಂಡವರಿಗೆ ನಡೆಯಲು ಕಲಿಸುವವಳು. ಭಾವನನ್ನು ರೇಗಿಸುವುದು ಅವಳಿಗೆ ಹುಟ್ಟು ಹಕ್ಕು ಇದ್ದಂತೆ. ಅಂದು ಮಾತ್ರ ಅವಳು ರೇಗಿಸಲಿಲ್ಲ, ನೇರವಾಗಿ ಕೇಳಿದಳು.

“ಭಾವ, ಈ ಉದ್ದದ ಡಿಗ್ರಿ ತಗೊಂಡು ಬಂದ್ಮೇಲೆ ಒಬ್ಬ ರೋಗಿಗೆ ಕಾಲು ಜೋಡಿಸೋಕೆ ಇವಳಿಗೆ ಅನುಮತಿ ಸಿಗತ್ತಾ?”

“ಅಷ್ಟು ದೊಡ್ಡ ಡಿಗ್ರಿಗೆ ಸಿಗದೆ ಇರತ್ತಾ?”

“ಕೇಳಿದ್ದೀರಾ?”

ಅವನು ಕೇಳಿರಲಿಲ್ಲ. ಮರುದಿನ ಏಜೆಂಟನ್ನು ಕೇಳಿದರೆ, ಅದೆಲ್ಲ ಆಮೇಲೆ ನೋಡಿಕೊಳ್ಳೋಣ, ಮೊದಲು ಸೀಟು ಹಿಡಿಯಿರಿ ಎಂದು ಮಾತು ತೇಲಿಸಿದ. ಆಗ ಮಗಳೇ ಕೂತು, ಇಲ್ಲಿ ಈ ವೃತ್ತಿಯವರನ್ನು ನೋಂದಾಯಿಸುವ ಮಂಡಳಿಗೆ ಬರೆದು ಕೇಳಿದಳು. ಉತ್ತರ ಸ್ಪಷ್ಟವಾಗಿತ್ತು. ಏಜೆಂಟು ಹೇಳಿದ ಪದವಿ ಕಚೇರಿ ಕೆಲಸಕ್ಕೆ ಸರಿ, ಕಾಲು ಜೋಡಿಸುವ ಕೆಲಸಕ್ಕೆ ನಡೆಯದು. ಮಗಳು ಹುಡುಕಿದ ಕಾಲೇಜಿಗೆ ಮಾನ್ಯತೆ ಇದೆ. ಅಲ್ಲಿನ ಡಿಪ್ಲೊಮಾ ಮುಗಿಸಿದವರು ಸಹಾಯಕರಾಗಿ ಸೇರಬಹುದು, ಪದವಿಯನ್ನೂ ಮುಗಿಸಿದವರು ಸ್ವತಂತ್ರವಾಗಿ ಕೆಲಸ ಮಾಡಬಹುದು. ಡಿಪ್ಲೊಮಾದಲ್ಲಿ ಒಳ್ಳೆಯ ಅಂಕ ಬಂದವರು ಪದವಿಗೆ ಮೊದಲ ವರ್ಷದಿಂದ ಕೂರಬೇಕಿಲ್ಲ, ನೇರ ಎರಡನೇ ವರ್ಷಕ್ಕೆ ಹೋಗಬಹುದು ಎಂದು ಕಾಲೇಜಿನವರೂ ಬರೆದು ತಿಳಿಸಿದರು.

ಆದರೂ ಅಪ್ಪನ ಮನಸ್ಸಿನ ಮುಳ್ಳು ಹೋಗಲಿಲ್ಲ. ನಾದಿನಿ ಅವನನ್ನು ತನ್ನ ವಿಭಾಗಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಎರಡು ಕಂಬಿಗಳ ನಡುವೆ ಒಬ್ಬ ಲಾರಿ ಡ್ರೈವರು ಹೊಸ ಕಾಲೂರಿ ನಿಂತಿದ್ದ. ಆ ಕಾಲು ಮಾಡಿದ ಹೆಂಗಸು ನೆಲದ ಮೇಲೆ ಕೂತು, ಎಲ್ಲಿ ಒತ್ತುತ್ತಿದೆ ಎಂದು ಕೇಳಿ ಕೇಳಿ ಅಂಚನ್ನು ಉಜ್ಜುತ್ತಿದ್ದಳು. ಬೋರ್ಡಿನವನು ಆ ಅಂಚಿನ ಮೇಲೆ ಬೆರಳಾಡಿಸಿ ನೋಡಿದ. ನುಣುಪು ಎಂದರೆ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ನೀವು ಏನು ಓದಿದ್ದು, ಅಮ್ಮ?” ಎಂದ.

“ಮೊದಲು ಡಿಪ್ಲೊಮಾ. ಕೆಲಸ ಮಾಡ್ತಾ ಡಿಗ್ರಿ ಮುಗಿಸಿದೆ.”

ಅಷ್ಟರಲ್ಲಿ ಡ್ರೈವರು ಕಂಬಿ ಬಿಟ್ಟು ಒಂದು ಹೆಜ್ಜೆ ಇಟ್ಟ. ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಮಗಳು ಕಲಿಯಬೇಕೆಂದದ್ದು ಇದನ್ನಲ್ಲವೇ, ಇದನ್ನು ನಾನು ಚಿಕ್ಕದು ಅಂದುಕೊಂಡೆನಲ್ಲ ಎಂದು ಬೋರ್ಡಿನವನಿಗೆ ನಾಚಿಕೆಯಾಯಿತು. ಮಗಳ ಬಗ್ಗೆ ಹೆಮ್ಮೆ ಅದಕ್ಕಿಂತ ಹೆಚ್ಚಾಯಿತು. ಮನೆಗೆ ಹೋದವನೇ ಅವಳ ತಲೆ ನೇವರಿಸಿ, ನಿನ್ನ ಕಾಲೇಜಿಗೇ ಹೋಗು ಎಂದ.

ಮುಂದಿನ ವಾರ ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ, ಮಗಳು ಏನು ಓದುತ್ತಾಳೆ ಎಂದು ವಿಚಾರಿಸಿದ. ಕುರ್ಚಿಯಲ್ಲಿದ್ದವನು ಬೀದಿಗೆಲ್ಲ ಕೇಳುವಂತೆ ಹೇಳಿದ: “ಡಿಪ್ಲೊಮಾ. ಬಿದ್ದವರನ್ನ ನಡೆಸೋ ಓದು.”

ನಿಮ್ಮ ಮನೆಯ ಮಗುವೂ ಹೊರದೇಶದ ಓದಿನ ಕನಸು ಕಾಣುತ್ತಿದೆಯೇ? ಹೆಮ್ಮೆಪಡಿ. ಆದರೆ ಹಣ ಕಟ್ಟುವ ಮುಂಚೆ ಕೇಳಿ. ಆ ಸಂಸ್ಥೆಗೆ ಆ ದೇಶದ ಮಾನ್ಯತೆ ಇದೆಯೇ? ಆ ಓದಿನಿಂದ ಮಗು ಬಯಸಿದ ಕೆಲಸ ಅಲ್ಲಿಯೂ ಇಲ್ಲಿಯೂ ಮಾಡಬಹುದೇ? ಸರ್ಟಿಫಿಕೇಟು, ಡಿಪ್ಲೊಮಾ, ಪದವಿ, ಯಾವುದರಿಂದ ಶುರು ಮಾಡಿದರೂ ಮುಂದಕ್ಕೆ ದಾರಿ ಇದೆಯೇ? ಉತ್ತರವನ್ನು ಬರಹದಲ್ಲೇ ಪಡೆಯಿರಿ. ಎಲ್ಲಕ್ಕಿಂತ ಮೊದಲು, ಏನು ಓದಬೇಕೆಂದು ಮಗುವನ್ನೇ ಕೇಳಿ. ಕೇಳಲು ನಾಚಿಕೆ ಬೇಡ. ನಿಮ್ಮ ಪ್ರಶ್ನೆಗೆ ಯಾರಾದರೂ ನಕ್ಕರೆ, ಆ ಕಚೇರಿಯಿಂದ ಎದ್ದು ಬನ್ನಿ.