ಸೀಟಿ ಹೊಡೆಯದ ಹಂಡೆ

ಪಾಂಡಪ್ಪನಿಗೆ ಹಾವಿನ ಭಯವಿರಲಿಲ್ಲ, ದೆವ್ವದ ಭಯವೂ ಅಷ್ಟಕ್ಕಷ್ಟೇ. ಅವನು ಹೆದರುತ್ತಿದ್ದುದು ಒಂದು ಹಂಡೆಗೆ. ಸ್ನಾನಕ್ಕೆ ನೀರು ಕಾಯಿಸುವ ಹಂಡೆಯಲ್ಲ. ಬೆಟಗೇರಿಯ ಅಂಚಿಗೆ, ಹಾಳುಬಿದ್ದಿದ್ದ ಅರಳೆಯ ಗೋದಾಮಿನಲ್ಲಿ ಸರಕಾರದವರು ಕೂರಿಸಿದ್ದ ಎರಡಾಳೆತ್ತರದ ಕಬ್ಬಿಣದ ಹಂಡೆ. ಹತ್ತಿಕಟ್ಟಿಗೆಯ ಚೂರು, ನೀರು, ಸೋಡಾಖಾರ ತುಂಬಿ, ಬಾಯಿಗೆ ಬೋಲ್ಟು ಬಿಗಿದು, ನಾಲ್ಕು ತಾಸು ಉರಿ ಹಾಕಿದರೆ ಕಟ್ಟಿಗೆ ಕರಗಿ ಕಾಗದದ ತಿರುಳಾಗಬೇಕು. ಆಗಬೇಕು ಅಂತ ಹೇಳುವುದೇ ಸರಿ, ಯಾಕೆಂದರೆ ಒಂದು ವರ್ಷದಿಂದ ಆಗುತ್ತಿದ್ದುದು ಬರೀ ಸಿಬಿರು ತುಂಬಿದ ಗಂಜಿ. ಅದರಿಂದೆತ್ತಿದ ಕಾಗದದ ಮೇಲೆ ಬರೆದರೆ ಲೇಖನಿಯ ಟಾಕು ಮುರಿಯುತ್ತಿತ್ತು.

ಈ ಪ್ರಯೋಗದ ಯಜಮಾನ ಬಾಬಣ್ಣ, ಪಾಂಡಪ್ಪನ ಓಣಿಯ ನೇಕಾರರ ಮಗನೇ. ಪುಣೆಯಲ್ಲಿ ರಸಾಯನ ಕಲಿತು ಬಂದವನು. ರೈತರು ಒಲೆಗೆ ಹಾಕುವ ಹತ್ತಿಕಟ್ಟಿಗೆಯಿಂದ ಶಾಲೆಯ ಮಕ್ಕಳಿಗೆ ಬರೆಯುವ ಪಟ್ಟಿ ಮಾಡಿಕೊಡುತ್ತೇನೆಂದು ಹಟ ಹಿಡಿದಿದ್ದ. ಮಗ್ಗ ನಿಂತು ಐದು ವರ್ಷವಾಗಿದ್ದ ಪಾಂಡಪ್ಪನನ್ನು ಕರೆದು ಉರಿ ಹಾಕುವ ಕೆಲಸಕ್ಕೆ ಇಟ್ಟುಕೊಂಡವನೂ ಅವನೇ. ಪಾಂಡಪ್ಪನ ಹೆಂಡತಿ ಅಂಬವ್ವ, ಕರೆವ್ವ ಮತ್ತು ಹನಮವ್ವನ ಜೊತೆ ಅದೇ ಗೋದಾಮಿನಲ್ಲಿ, ಹಂಡೆಗೆ ಹತ್ತು ಹೆಜ್ಜೆ ದೂರದ ತೊಟ್ಟಿಯಲ್ಲಿ ತಿರುಳು ತೊಳೆಯುತ್ತಿದ್ದಳು. ಗಂಡಹೆಂಡಿರಿಬ್ಬರ ಅನ್ನವೂ ಆ ಹಂಡೆಯಲ್ಲೇ ಬೇಯುತ್ತಿತ್ತು.

ಹಂಡೆಯ ನೆತ್ತಿಯಲ್ಲಿ ಒಂದು ಕಬ್ಬಿಣದ ಕೈ, ಅದರ ತುದಿಗೆ ಒಂದು ಗುಂಡು. ಒಳಗೆ ಉಗಿ ಹೆಚ್ಚಾದಾಗ ಆ ಕೈ ತಾನೇ ಮೇಲೆದ್ದು ಸೀಟಿ ಹೊಡೆದು ಉಗಿಯನ್ನು ಹೊರಗೆ ಬಿಡುತ್ತಿತ್ತು. ಮೊದಲ ದಿನ ಆ ಸೀಟಿಗೆ ಪಾಂಡಪ್ಪ ಸೌದೆ ಬಿಟ್ಟು ಓಡಿದ್ದ. ಬಾಬಣ್ಣ ನಗಲಿಲ್ಲ.

"ಸೀಟಿ ಹೊಡದ್ರ ಹೆದರಬ್ಯಾಡ್ರಿ ಕಾಕಾ," ಅಂದಿದ್ದ. "ಹೊಡೀದಿದ್ರ ಹೆದರ್ರಿ."

ಒತ್ತಡ ತೋರಿಸುವ ಮುಳ್ಳಿನ ಗಡಿಯಾರವೂ ಒಂದಿತ್ತು. ಅದು ಕೆಟ್ಟು ಎರಡು ತಿಂಗಳಾಗಿತ್ತು. ಹೊಸದು ಕಳಿಸಿರೆಂದು ಬರೆದರೆ, ಬರುವ ನವೆಂಬರಿಗೆ ನೀವು ಮುಂಬೈ ರಾಜ್ಯ ಬಿಟ್ಟು ಹೊಸ ಮೈಸೂರು ರಾಜ್ಯ ಸೇರುವವರು, ಅವರನ್ನೇ ಕೇಳಿ ಎಂದು ಉತ್ತರ ಬಂತು. ಕೇಳೋಣವೆಂದರೆ ಆ ರಾಜ್ಯ ಇನ್ನೂ ಹುಟ್ಟಿರಲಿಲ್ಲ. ಕನ್ನಡ ನಾಡು ಒಂದಾಗುತ್ತದೆಂದು ಊರಿಗೆ ಊರೇ ಹಿಗ್ಗುತ್ತಿದ್ದಾಗ ಬಾಬಣ್ಣ ಮಾತ್ರ ಸೊರಗುತ್ತಿದ್ದ. ತಿಂಗಳ ಕೊನೆಗೆ ಹೊಸ ಅಧಿಕಾರಿಗಳು ನೋಡಲು ಬರುವವರಿದ್ದರು. ಅವರ ಕೈಗೆ ಒಂದು ಒಳ್ಳೆಯ ಹಾಳೆ ಕೊಡದಿದ್ದರೆ ಗೋದಾಮಿಗೆ ಬೀಗ ಬೀಳುವುದು ಖಂಡಿತವಾಗಿತ್ತು.

ಇದರ ನಡುವೆ ಮಹಾನವಮಿ ಬಂತು. ದುಡಿಯುವ ಸಲಕರಣೆಗಳಿಗೆ ಪೂಜೆ ಮಾಡುವ ಖಂಡೆಪೂಜೆಯ ದಿನ ಮಗ್ಗ ಅಲುಗಬಾರದೆಂದು ಅವರ ಓಣಿಯಲ್ಲೊಂದು ಪದ್ಧತಿ. ಮಗ್ಗದಲ್ಲಿ ಯಾವುದು ಆಡುತ್ತದೋ ಅದಕ್ಕೆ ಗಂಜಿ ಕುಡಿಸಿದ ಹೊಸ ನೂಲನ್ನು ಒಂಬತ್ತು ಸುತ್ತು ಬಿಗಿದು ಕಟ್ಟುವುದು. ಬನ್ನಿ ಮುಡಿದ ಮೇಲೆ ಕಟ್ಟಿದವನೇ ಬಿಚ್ಚುವುದು. ಪಾಂಡಪ್ಪನಿಗೆ ಈಗ ಮಗ್ಗವೆಲ್ಲಿ? ಅನ್ನ ಕೊಡುವ ಹಂಡೆಯೇ ಮಗ್ಗವೆಂದುಕೊಂಡು ಏಣಿ ಹತ್ತಿದ. ಹಂಡೆಯಲ್ಲಿ ಆಡುವುದು ಯಾವುದು ಎಂದು ನೋಡಿದ. ನೆತ್ತಿಯ ಆ ಕೈ ಒಂದೇ. ಭಕ್ತಿಯಿಂದ ಒಂಬತ್ತು ಸುತ್ತು ಬಿಗಿದ, ಮೇಲೆ ಚೆಂಡುಹೂವಿನ ದಂಡೆ ಏರಿಸಿದ. ಕೆಳಗೆ ನಿಂತ ಬಾಬಣ್ಣನೂ ಕೈ ಮುಗಿದ. ಹೂವಿನ ಕೆಳಗೇನಿದೆಯೆಂದು ಅವನು ನೋಡಲಿಲ್ಲ.

ಬನ್ನಿ ಮುಡಿದ ಮರುದಿನ ಬೆಳಕು ಹರಿಯುವ ಮೊದಲೇ ಬಾಬಣ್ಣ ಬಾಗಿಲಿಗೆ ಬಂದು ಜಲ್ದಿ ಮಾಡಿದ. ದಿನಗಳು ಸಾಲವು, ಇವತ್ತೇ ಬೇಯಿಸಬೇಕು ಎಂದ. ಆ ಗಡಿಬಿಡಿಯಲ್ಲಿ ಪಾಂಡಪ್ಪನಿಗೆ ನೂಲು ಮರೆತೇಹೋಯಿತು.

ಎರಡನೆಯ ತಾಸಿಗೆ ಸೀಟಿ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಕಿವಿಗೆ ಹಿತವಾಯಿತೆಂದು ಪಾಂಡಪ್ಪ ಸುಮ್ಮನಿದ್ದ. ಮೂರನೆಯ ತಾಸಿಗೂ ಸದ್ದಿಲ್ಲ. ಉರಿ ಸಾಲದು, ಸೌದೆ ಒಟ್ಟಿರಿ ಎಂದು ಹೇಳಿ ಬಾಬಣ್ಣ ಪಕ್ಕದ ಕೋಣೆಗೆ ಸೋಡಾ ತೂಗಲು ಹೋದ. ಪಾಂಡಪ್ಪ ಇನ್ನೊಂದು ಹೊರೆ ಒಳಗೆ ತಳ್ಳಿದ. ಆಗ ಹಂಡೆ ಒಂದು ಬಗೆಯಾಗಿ ಗುಂಯ್‌ಗುಡತೊಡಗಿತು. ರಿವೆಟ್ಟುಗಳ ಸುತ್ತ ಬಿಳಿ ನೊರೆ ಜಿನುಗಿತು. ಅಂಗಾಲಿನಡಿ ನೆಲ ನಡುಗಿತು.

ಅವನು ತಲೆಯೆತ್ತಿದ. ಬಾಡಿದ ಚೆಂಡುಹೂ ಕಂಡಿತು. ಅದರಡಿಯ ನೂಲು ನೆನಪಾಯಿತು.

ಕೂಗಬೇಕೆಂದುಕೊಂಡ, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಕಾಲು ಮಾತ್ರ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ತಿಳಿವು ಬಂದಾಗ ಅವನು ಹೊರಗೆ, ಬೇವಿನ ಗಿಡದ ಹಿಂದೆ ನಿಂತಿದ್ದ. ಗಿಡವನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದ. ಬಾಗಿಲೊಳಗೆ ಅಂಬವ್ವ ಸೊಂಟ ಬಗ್ಗಿಸಿ ತಿರುಳು ಕಲಸುತ್ತಿದ್ದಳು. ಪಕ್ಕದಲ್ಲಿ ಕರೆವ್ವ ಏನೋ ಹೇಳಿ ನಗುತ್ತಿದ್ದಳು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಗಿಡ ಬಿಡಲು ಕೈಗೆ ಮನಸ್ಸಿರಲಿಲ್ಲ.

ಹೇಗೆ ಬಿಟ್ಟನೋ, ಹೇಗೆ ಒಳಗೆ ಬಂದನೋ. ಕಟ್ಟಿಗೆ ಸವರುವ ಕುಡಗೋಲು ಹಿಡಿದು ಏಣಿ ಹತ್ತಿದ. ಕಬ್ಬಿಣದ ಕಾವಿಗೆ ಮುಖ ಸುಟ್ಟಿತು. ಹೂವಿನಡಿ ತೂರಿಸಿ ಎಳೆದ. ನೂಲು ಗಟ್ಟಿ, ಅವನೇ ಗಂಜಿ ಕುಡಿಸಿದ್ದು. ಮೂರನೆಯ ಎಳೆತಕ್ಕೆ ಹರಿಯಿತು. ಕೈ ಮೇಲಕ್ಕೆ ಹಾರಿ, ಊರಿಗೇ ಕೇಳುವಂತೆ ಉಗಿ ಚೀರಿತು. ಹೆಂಗಸರು ತೊಟ್ಟಿ ಬಿಟ್ಟು ಹೊರಗೋಡಿದರು. ಪಾಂಡಪ್ಪನ ಬಲಗೈ ಮೊಣಕೈವರೆಗೆ ಬೆಂದುಹೋಯಿತು.

ಓಡಿಬಂದ ಬಾಬಣ್ಣನಿಗೆ, ಹೂವು ಸಿಕ್ಕಿಹಾಕಿಕೊಂಡಿತ್ತು ಎಂದು ಸುಳ್ಳು ಹೇಳಿದ. ಉಳಿದ ತಾಸಿನ ಉರಿಯನ್ನು ಬಾಬಣ್ಣನೇ ಹಾಕಿದ.

ನಾಲ್ಕನೆಯ ದಿನಕ್ಕೆ ಆ ತಿರುಳಿನ ಹಾಳೆಗಳು ಒಣಗಿದವು. ಬಾಬಣ್ಣ ಒಂದನ್ನು ಬಿಸಿಲಿಗೆ ಹಿಡಿದ. ತೆಳು ಗೋದಿಯ ಬಣ್ಣ, ಒಂದು ಸಿಬಿರಿಲ್ಲ. ಟಾಕಿನಿಂದ ತನ್ನ ಹೆಸರು ಬರೆದ. ಮಸಿ ಎಲ್ಲೂ ಹರಡಲಿಲ್ಲ. ಅದೇ ಕಟ್ಟಿಗೆ, ಅದೇ ಸೋಡಾ, ಅದೇ ನಾಲ್ಕು ತಾಸು. ಹಾಗಾದರೆ ಇದು ಹೇಗಾಯಿತೆಂದು ಲೆಕ್ಕ ಹತ್ತದೆ ಪಾಂಡಪ್ಪನ ಮುಂದೆ ಬಂದು ಕುಳಿತ. ಅಂದು ಏನು ಮಾಡಿದಿರಿ, ಬಿಡಿಸಿ ಹೇಳಿರಿ ಎಂದು ಗೋಗರೆದ.

ಪಾಂಡಪ್ಪ ಕೈಗೆ ಸುತ್ತಿದ ಅರಿವೆಯನ್ನು ನೋಡುತ್ತ ಎಲ್ಲ ಹೇಳಿದ. ಓಡಿದ್ದೊಂದನ್ನು ಬಿಟ್ಟು.

ಬಾಬಣ್ಣನ ಮುಖ ಬಿಳಿಚಿಕೊಂಡಿತು. ಆಮೇಲೆ ಎಷ್ಟು ಹೊತ್ತು ಕಟ್ಟಿತ್ತು, ಎಷ್ಟು ಹೊರೆ ಸೌದೆ ಎಂದು ಕೇಳಿ ವಹಿಯಲ್ಲಿ ಬರೆದುಕೊಂಡ. ಒತ್ತಡ ಹೆಚ್ಚಾದರೆ ಸಿಬಿರು ಕರಗುತ್ತದೆಂದು ಅವನಿಗೆ ಈಗ ತಿಳಿದಿತ್ತು. ಅಧಿಕಾರಿಗಳು ತಮ್ಮ ಕಣ್ಣೆದುರೇ ಬೇಯಿಸಿ ತೋರಿಸೆನ್ನುತ್ತಾರೆಂದೂ ತಿಳಿದಿತ್ತು.

"ಈ ಹಂಡಿ ಅಷ್ಟು ತಡಕೊಳ್ಳಂಗ ಮಾಡಿದ್ದಲ್ಲ, ನನಗೂ ಗೊತ್ತೈತಿ," ಎಂದ. "ಆದ್ರ ಇನ್ನೊಂದ ಸಲ ಕಟ್ಟಿ ನೋಡೂಣ್ರಿ ಕಾಕಾ. ನಾಳೆ. ನಾನೂ ಬಾಜೂಕ ನಿಂತಿರ್ತೀನಿ."

ನಾಳೆ ಹೆಂಗಸರಿಗೆ ರಜೆ ಕೊಡಿ ಎಂದು ಪಾಂಡಪ್ಪ ಕೇಳಿಕೊಂಡ. ಯಾಕೆ ರಜೆ ಎಂದು ಅವರು ಕೇಳುತ್ತಾರೆ, ಸಂಜೆಯೊಳಗೆ ಬೆಟಗೇರಿಗೆಲ್ಲ ಖಬರಾಗುತ್ತದೆ, ನಾಡಿದ್ದಿನಿಂದ ಒಬ್ಬರೂ ಇಲ್ಲಿ ಕಾಲಿಡುವುದಿಲ್ಲ ಎಂದ ಬಾಬಣ್ಣ. ಅವನ ಕಣ್ಣಲ್ಲಿ ನೀರಿತ್ತು. ಪಾಂಡಪ್ಪನಿಗೆ ಅದನ್ನು ಕಂಡು ಇನ್ನಷ್ಟು ಹೆದರಿಕೆಯಾಯಿತು.

ಸಂಜೆ ಮನೆಗೆ ನಡೆಯುತ್ತ ಅಂಬವ್ವನಿಗೆ ನೂಲಿನ ಸಂಗತಿಯನ್ನೂ ನಾಳೆಯ ಸಂಗತಿಯನ್ನೂ ಹೇಳಿದ. ನೀನು ಜ್ವರ ಎಂದು ಮನೆಯಲ್ಲೇ ಇರು ಎಂದ.

"ನಾ ಮನ್ಯಾಗ ಕುಂತ್ರ ಕರೆವ್ವ, ಹನಮವ್ವ ಅಲ್ಲೇ ಇರ್ತಾರಲ್ರಿ," ಎಂದಳು. ಅವಳು ಸೆರಗು ಸರಿಮಾಡಿಕೊಂಡು, ಸಿಟ್ಟಿಲ್ಲದೆ, ಸಂತೆಯಿಂದ ಏನೋ ತರಲು ಹೇಳುವವಳಂತೆ ಹೇಳಿದಳು: "ಆವತ್ತ ನೀವು ಬೇವಿನ ಗಿಡಕ್ಕ ಓಡಿದ್ದು ನಾ ನೋಡೇನ್ರಿ. ನಾಳೆ ಓಡೂ ಮುಂದ ನಮ್ಮನ್ನೂ ಒಂದ್ ಸಲ ಕೂಗ್ರಿ."

ಪಾಂಡಪ್ಪನಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮರುದಿನ ನೂಲು ಕಟ್ಟಲು ಅವನು ಒಪ್ಪಲಿಲ್ಲ. ಬಾಬಣ್ಣನೇ ಏಣಿ ಹತ್ತಿ ಕಟ್ಟಿ, ಇಳಿದು ಪಕ್ಕದಲ್ಲೇ ನಿಂತ. ಉರಿ ಹಾಕದೆ ಪಾಂಡಪ್ಪನಿಗೆ ಗತಿಯಿರಲಿಲ್ಲ; ಅವನಲ್ಲದೆ ಬೇರೆಯವನು ಕುಳಿತರೆ ಆ ಗುಂಯ್‌ಗುಡುವ ಸದ್ದನ್ನು ಗುರುತಿಸುವವರು ಯಾರು? ತೊಟ್ಟಿಯ ಬಳಿ ಮೂವರೂ ಹೆಂಗಸರು ಬಗ್ಗಿ ಕೆಲಸ ಮಾಡುತ್ತಿದ್ದರು. ಎರಡನೆಯ ತಾಸು ಸೀಟಿಯಿಲ್ಲದೆ ಕಳೆಯಿತು. ಪಾಂಡಪ್ಪ ಒಲೆಯ ಕಡೆಗಾಗಲಿ ಹಂಡೆಯ ಕಡೆಗಾಗಲಿ ನೋಡಲಿಲ್ಲ. ಅಂಬವ್ವನ ಬೆನ್ನನ್ನೇ ನೋಡುತ್ತ, ಅವಳ ಹೆಸರನ್ನು ಬಾಯಲ್ಲೇ ಹಿಡಿದುಕೊಂಡು, ಎಡಗೈಯಿಂದ ಒಂದೊಂದೇ ಸೌದೆಯನ್ನು ಒಳಗೆ ತಳ್ಳಿದ.