ದುರ್ಗಪ್ಪನ ಅಪ್ಪ

"ಬಾಪ್ ಕಾ ನಾಮ್ ತೋ ಪಕ್ಕಾ ಹೈ ನಾ? ಯಾ ವೋ ಭೀ ಅಂದಾಜ್ ಸೇ ಲಿಖಾ ಹೈ?" ಅಪ್ಪನ ಹೆಸರೂ ಅಂದಾಜಿನದೇ ಎಂದು ಕಾರಕೂನ ಕೇಳಿದ. ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ನಾನೂ ನಕ್ಕೆ. ಸರ್ಕಾರಿ ಕಚೇರಿಯಲ್ಲಿ ಸಾಹೇಬ ನಗಿಸಿದಾಗ ನಗದಿದ್ದರೆ ಕೆಲಸ ಕೆಡುತ್ತದೆ.

ಮಗಳು ಭಾಗ್ಯಾ ನಗಲಿಲ್ಲ. ಅವಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ತಿಂಗಳೊಳಗೆ ಜಾತಿ ಪ್ರಮಾಣಪತ್ರ ಕೊಡದಿದ್ದರೆ ಅದು ಇನ್ನೊಬ್ಬರ ಪಾಲಾಗುತ್ತಿತ್ತು. ಪ್ರಮಾಣಪತ್ರಕ್ಕೆ ವಂಶಾವಳಿ ಬೇಕು, ಯಾರು ಹೇಗೆ ಸತ್ತರೆಂಬುದೂ ಸೇರಿ. ಐವತ್ತನೇ ಇಸವಿಗಿಂತ ಹಿಂದೆ ಬದುಕಿದ್ದ ಹಿರಿಯನ ಹೆಸರು ಬೇಕು. ಹೌದು, ಇವರು ಇಂಥವರೇ ಎಂದು ಸಹಿ ಹಾಕಲು ಊರಿನ ದೊಡ್ಡ ಮನುಷ್ಯರೊಬ್ಬರು ಬೇಕು.

ನನ್ನಪ್ಪ ಸಾಯಬಣ್ಣ. ಅವನಪ್ಪ, ನನ್ನ ಮುತ್ಯಾ ದುರ್ಗಪ್ಪ, ಐವತ್ತರಲ್ಲಿ ಇನ್ನೂ ಕೂಸು; ಅವನ ಅಪ್ಪನ ಹೆಸರೇ ಬೇಕು ಎಂದ ಕಾರಕೂನ. ದುರ್ಗಪ್ಪನ ಅಪ್ಪ ಯಾರೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕಾರಕೂನ ಶಾಲೆಯ ದಾಖಲೆ ಕೇಳಿದ. ನಮ್ಮವರನ್ನು ಆಗ ಶಾಲೆಗೆ ಸೇರಿಸುತ್ತಿರಲಿಲ್ಲ. ಹೊಲದ ಪಹಣಿ ಕೇಳಿದ. ದುಡಿಯಲು ಹೊಲವೇನೋ ಇತ್ತು, ಪಹಣಿ ಗೌಡರ ಹೆಸರಲ್ಲಿತ್ತು.

"ಫಿರ್ ತುಮ್ ಲೋಗ್ ಆಯೇ ಕಹಾಂ ಸೇ?" ಹಾಗಾದರೆ ನೀವು ಬಂದದ್ದೆಲ್ಲಿಂದ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನವನನ್ನು ಕರೆದ.

ಊರು ಬಿಟ್ಟು ಬಂದ ನಾನು ವಾಶಿಯ ಧಾನ್ಯದ ಮಾರ್ಕೆಟ್ಟಿನಲ್ಲಿ ಚೀಲ ಹೊರುತ್ತೇನೆ. ನನ್ನ ಹೆಂಡತಿ ಮರಗಮ್ಮ ಚೀಲದಿಂದ ಉದುರಿದ ಕಾಳು ಉಡುಗುತ್ತಾಳೆ. ಉಡುಗಿದ್ದರಲ್ಲಿ ಮಣ್ಣು ಹೆಚ್ಚಿದ್ದರೆ ಅದು ಅವಳದು, ಅಕ್ಕಿ ಹೆಚ್ಚಿದ್ದರೆ ಸೇಠನದು. ಕಚೇರಿಯಲ್ಲಿ ಆದದ್ದನ್ನು ಹೇಳಿದೆ. ಅವಳು ಪೊರಕೆ ನಿಲ್ಲಿಸಲಿಲ್ಲ.

"ಐತಾರ ಮುಕಾದಮನ ಮನೀಗಿ ಹೆಳವ ಬರ್ಲತಾನ. ಅವನಿಗಿ ಕೇಳಮ್."

ಹೆಳವನೆಂದರೆ ಮನೆತನಗಳ ಹುಟ್ಟು ಸಾವು ಬಾಯಿಪಾಠ ಮಾಡಿಕೊಂಡು, ವರ್ಷಕ್ಕೋ ಎರಡು ವರ್ಷಕ್ಕೋ ಬಂದು ಹಾಡಿ ಕಾಳು ಪಡೆಯುವವನು. ನಮಗೆ ಚೀಲದ ಕೆಲಸ ಕೊಡುವ ಮುಕಾದಮ ಹಣಮಂತ್ರಾಯ ನಮ್ಮೂರ ಗೌಡರ ಮೊಮ್ಮಗ. ಊರಲ್ಲಿ ಗೌಡ, ಇಲ್ಲಿ ಮುಕಾದಮ. ಬೈಗುಳ ಎರಡೂ ಕಡೆ ಒಂದೇ.

"ಹೆಳವ ನಮ್ಮ ಕೇರಿಗಿ ಯಾವಾಗ ಬಂದಾನ? ನಮ್ಮ ಕೈಲಿಂದ ಕಾಳು ಸೈತ ತಗೊಳಲ್ಲ ಅಂವ," ಅಂದೆ.

"ಗೌಡ್ರ ಎತ್ತಿನ ಹೆಸ್ರು ಹೇಳ್ತಾನಲ್ಲ. ಎತ್ತಿನ ಹಿಂದ ನಿಮ್ಮ ಮುತ್ಯಾನ ಅಪ್ಪಂದೂ ಇದ್ದರ ಇರಬೇಕು."

ಐತವಾರ ಭಾಗ್ಯಾಳನ್ನೂ ಕರೆದುಕೊಂಡು ಡೊಂಬಿವಲಿಯ ಮುಕಾದಮನ ಮನೆಗೆ ಹೋದೆವು. ಹೆಳವ ತಾನೇರುವ ಎತ್ತನ್ನು ಊರಲ್ಲೇ ಬಿಟ್ಟು ಲೋಕಲ್ ರೈಲಿನಲ್ಲಿ ಬಂದಿದ್ದ. ಸೊಸೈಟಿಯಲ್ಲಿ ಎತ್ತಿಗೆ ಪಾರ್ಕಿಂಗ್ ಇಲ್ಲ.

"ಏಯ್ ಅಂಬ್ಯಾ, ಅಲ್ಲೇ ಕುಂದ್ರು ಮಗನ, ಟೈಲ್ಸ್ ಈಗ ಒರಸ್ಯಾರ," ಎಂದು ಹಣಮಂತ್ರಾಯ ನನ್ನನ್ನು ತಡೆದ. ನಾವು ಮೂವರೂ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕುಳಿತೆವು.

ಹೆಳವ ಗಂಟೆ ಬಾರಿಸಿ ಶುರು ಮಾಡಿದ. ಅಪ್ಪ, ಅಜ್ಜ, ಎತ್ತು, ಹೊಲ, ಎಲ್ಲ ಸಾಲಾಗಿ ಬಂದವು. ಕೊನೆಗೆ ಹಣಮಂತ್ರಾಯನ ಅಜ್ಜ ಶರಣಗೌಡನ ಸರದಿ.

"ಶರಣಗೌಡ ಬಾವಿ ತೋಡಿಸಿದ. ನೀರು ಬರಲಿಲ್ಲ. ಕಲ್ಲೊಡೀಲಾಕ ಜೀತದಾಳು ಹೊಲೇರ ಮರ್ಯಾಗ ಕೆಳಗ ಇಳಿಸಿದ. ದಂಡಿ ಕುಸೀತು. ನೀರು ಮ್ಯಾಲ ಬಂತು, ಮರ್ಯಾ ಬರಲಿಲ್ಲ. ಹೆಣಾ ತೆಗದರ ನೀರು ಹೋಗ್ತದಂತ ಬಿಟ್ಟ. ಬಾವಿಗಿ ಬಂದ ಗಂಗವ್ವಗ ಸೀರಿ ಏರಿಸಿದ, ಊರಿಗೆಲ್ಲ ಹೋಳಿಗಿ ಉಣಿಸಿದ. ಮರ್ಯಾನ ಕೂಸು ದುರ್ಗ್ಯಾಗ ಅದೇ ಜೀತಕ್ಕ ಇಟಗೊಂಡ. ಅಂಥಾ ದೊಡ್ಡ ಕೈ ಶರಣಗೌಡಂದು."

ಹಣಮಂತ್ರಾಯ ಎದೆಯುಬ್ಬಿಸಿ ಮಗ ಮನೀಷನ ಕಡೆ ನೋಡಿದ. ಮನೀಷ್ ಮೊಬೈಲ್ ನೋಡುತ್ತಿದ್ದ.

ನನಗೆ ಮೊದಲು ಆದದ್ದು ಸಂತೋಷ. ದುರ್ಗಪ್ಪನ ಅಪ್ಪ ಸಿಕ್ಕಿದ್ದ. ಆಮೇಲೆ ಆ ಬಾವಿ ನೆನಪಾಯಿತು. ಆ ಬಾವಿಯ ನೀರು ನಾನು ಒಂದು ದಿನವೂ ಕುಡಿದವನಲ್ಲ. ನಮ್ಮವರು ಮುಟ್ಟಿದರೆ ನೀರು ಮೈಲಿಗೆಯಾಗುತ್ತದೆಂದು ಹತ್ತಿರಕ್ಕೂ ಬಿಡುತ್ತಿರಲಿಲ್ಲ.

"ಗೌಡ್ರೇ, ಆ ಮರೆಪ್ಪ ನಮ್ಮ ಮುತ್ಯಾನ ಅಪ್ಪರಿ. ವಂಶಾವಳಿಗಿ ನಿಮ್ಮದೊಂದು ಸಹಿ ಬೇಕಿತ್ತು," ಅಂದೆ.

ಮರ್ಯಾನಿಗೆ ವಂಶವೂ ಇದ್ದೀತು, ಅದು ತನ್ನ ಚಪ್ಪಲಿ ಪಕ್ಕವೇ ಕುಳಿತೀತು ಎಂದು ಹಣಮಂತ್ರಾಯನಿಗೆ ಹೊಳೆದಿರಲಿಲ್ಲ.

"ಹಾಕ್ತೀನಿ ಲೇ. ನಮ್ಮ ಹುಡುಗಿ, ಓದಲಿ. ಆದ್ರ ಬಾವಿ ಮಾತು ಬ್ಯಾಡ. ಕಾಲ ಸುಮಾರದ, ನಾಳಿ ಕೇಸು ಗೀಸು ಅಂತಾರ. ಕಾಲರಾ ಬಂದು ಸತ್ತ ಅಂತ ಬರಿ." ಹೆಳವನ ಕಡೆ ತಿರುಗಿದ. "ನೀನೂ ಇನ್ಮ್ಯಾಲ ಮರ್ಯಾನ ಬಿಟ್ಟು ಹಾಡು."

"ಆಯ್ತ್ರಿ," ಅಂದ ಹೆಳವ.

"ಆಯ್ತ್ರಿ," ಅಂದೆ ನಾನೂ. ನಾಚಿಕೆಯಾಯಿತು, ಆದರೂ ಅಂದೆ. ಸೀಟು ಕಣ್ಣ ಮುಂದಿತ್ತು.

"ಕಾಲರಾ ನಹೀ ಲಿಖೂಂಗಿ," ಎಂದಳು ಭಾಗ್ಯಾ. ಇಲ್ಲೇ ಹುಟ್ಟಿದವಳು. ನಮ್ಮ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಸೀಟು ಬ್ಯಾಡೇನು ನಿನಗ?" ಅಂದ ಹಣಮಂತ್ರಾಯ.

"ಚಾಹಿಯೇ. ಕುಆಂ ಭೀ ಲಿಖೂಂಗಿ, ಸೀಟ್ ಭೀ ಲೂಂಗಿ." ಬಾವಿಯನ್ನೂ ಬರೆಯುತ್ತಾಳಂತೆ, ಸೀಟನ್ನೂ ಬಿಡುವುದಿಲ್ಲವಂತೆ.

"ಹಂಗಾರ ಸಹಿ ಇಲ್ಲ. ನಾಳಿಂದ ನಿಮ್ಮಪ್ಪಗ ಚೀಲಾನೂ ಇಲ್ಲ. ಎದ್ದು ನಡೀರಿ, ಬೋಸುಡಿ ಮಕ್ಕಳ್ಯಾ."

ಮರಗಮ್ಮ ಎದ್ದಳು. ಬಾಗಿಲ ಕಡೆ ಹೋಗಲಿಲ್ಲ. ಒರೆಸಿದ ಟೈಲ್ಸ್ ಮೇಲೆ ನಡೆದು ಹೆಳವನ ಮುಂದೆ ನಿಂತು, ಸೆರಗಿನ ಗಂಟು ಬಿಚ್ಚಿ, ಉಡುಗಿ ಕೇರಿದ ಅಕ್ಕಿಯನ್ನು ಅವನ ಜೋಳಿಗೆಗೆ ಸುರಿದಳು. ಅವನು ಜೋಳಿಗೆ ಎಳೆದುಕೊಳ್ಳುವಷ್ಟರಲ್ಲಿ ಅಕ್ಕಿ ಗೌಡರ ಕಾಳಿನ ಜೊತೆ ಬೆರೆತಿತ್ತು. ಕಾಳು ಜೋಳಿಗೆಗೆ ಬಿದ್ದ ಮೇಲೆ ಆ ಮನೆಯ ವಂಶ ಹೇಳದೆ ಏಳುವಂತಿಲ್ಲ. ಎದ್ದರೆ ನಾಲಿಗೆ ಬಿದ್ದುಹೋಗುತ್ತದೆಂದು ಹೆಳವರ ನಂಬಿಕೆ.

"ನಮ್ದು ಹೇಳು," ಅಂದಳು. "ಬಾವ್ಯಾಗಿಂದ ಸುರು ಮಾಡು."

ಹೆಳವ ಹಣಮಂತ್ರಾಯನ ಮುಖ ನೋಡಿದ. ಹಣಮಂತ್ರಾಯ ಟಿವಿ ಹಾಕಿ ಸದ್ದು ಏರಿಸಿದ. ಹೆಳವ ಜೋಳಿಗೆ ನೋಡಿದ, ಬೆವರು ಒರೆಸಿಕೊಂಡ, ಗಂಟೆ ಎತ್ತಿಕೊಂಡ. ಸಂತೆಯಲ್ಲಿ ಹಾಡಿದ ಗಂಟಲು, ಟಿವಿಯನ್ನೂ ಮೀರಿಸಿತು.

"ಬಾವ್ಯಾಗ ಉಳಿದಂವ ಮರೆಪ್ಪ. ಮರೆಪ್ಪನ ಮಗ ದುರ್ಗಪ್ಪ." ನಿಲ್ಲಿಸಿ ನನ್ನ ಕಡೆ ನೋಡಿದ. ಮುಂದಿನದು ಅವನಿಗೆ ಗೊತ್ತಿರಲಿಲ್ಲ, ನಾನು ಹೇಳಿಕೊಟ್ಟೆ. "ದುರ್ಗಪ್ಪನ ಮಗ ಸಾಯಬಣ್ಣ. ಸಾಯಬಣ್ಣನ ಮಗ ಅಂಬಾದಾಸ."

ಜೋಳಿಗೆ ಹೆಗಲಿಗೇರಿಸಿ ಎದ್ದ. ಅವನ ಪಾಠದಲ್ಲಿ ಹೆಣ್ಣುಮಕ್ಕಳ ಹೆಸರು ಬರುವುದಿಲ್ಲ, ಹಾಗಾಗಿ ಮುಂದೆ ಹೇಳುವುದೇನೂ ಇರಲಿಲ್ಲ.

ಭಾಗ್ಯಾ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಆಗೇ ಬೋಲೋ," ಅಂದಳು.