ಜೀಪಿನಲ್ಲಿದ್ದ ಸುರುಸುರುಬತ್ತಿ

“ಅಕ್ಕಾ, ಬೈಬೇಡ. ಮೊದ್ಲು ಗಾಡಿ ತಿರುಗಿಸು,” ಎಂದಳು ತಂಗಿ.

ತಿರುಗಿಸುವುದೆಲ್ಲಿ ಬಂತು! ಮುಂದೆ ಆರು ಗಾಡಿ, ಹಿಂದೆ ಇಟ್ಟಿಗೆ ತುಂಬಿದ ಲಾರಿ, ಎಡಕ್ಕೆ ಚರಂಡಿ, ಬಲಕ್ಕೆ ಸಿಮೆಂಟಿನ ಗೋಡೆ. ರಾಜ್ಯದ ಗಡಿಯ ತಪಾಸಣಾ ಗೇಟಿಗೆ ಇನ್ನು ನೂರು ಹೆಜ್ಜೆ. ಅಲ್ಲಿ ಇವತ್ತು ಒಂದೊಂದು ಗಾಡಿಯ ಡಿಕ್ಕಿಯನ್ನೂ ತೆಗೆಸಿ ನೋಡುತ್ತಿದ್ದರು. ಅಕ್ಕ ಹ್ಯಾಂಡ್‌ಬ್ರೇಕ್ ಎಳೆದು ತಂಗಿಯ ಕಡೆ ತಿರುಗಿದಳು.

“ಏನ್ ಮಾಡಿದೀಯ?”

“ಹಿಂದೆ ಪೈಪ್ ಸುತ್ತಿಟ್ಟಿದೀಯಲ್ಲ, ಅದರ ಕೆಳಗೆ. ಸುರುಸುರುಬತ್ತಿ. ಇಪ್ಪತ್ತು ಪೆಟ್ಟಿಗೆ. ಉದ್ದದ್ದು.”

ಅಕ್ಕನ ಕೈಕಾಲು ತಣ್ಣಗಾದವು. ಬೇರೆ ಯಾರ ಗಾಡಿಯಾಗಿದ್ದರೂ ಇಷ್ಟು ತಣ್ಣಗಾಗುತ್ತಿರಲಿಲ್ಲ. ಇದು ಅಗ್ನಿಶಾಮಕ ಇಲಾಖೆಯ ಕೆಂಪು ಜೀಪು, ಅವಳು ಅದರ ಇನ್ಸ್‌ಪೆಕ್ಟರು. ಗಡಿಯ ಆಚೆ ಹದಿನೆಂಟು ತುಂಬಿದ ಯಾರು ಬೇಕಾದರೂ ಪಟಾಕಿ ಕೊಳ್ಳಬಹುದು. ಈಚೆ ಪರವಾನಗಿ ಇಲ್ಲದೆ ಒಂದು ಕಡ್ಡಿಯೂ ಕೂಡದು. ಒಂದು ಮದುವೆಯ ಹಾಲ್ ಸುಟ್ಟುಹೋದ ಮೇಲೆ ಬಂದ ಕಾನೂನು ಅದು. ಅವತ್ತು ಹೊಗೆಯೊಳಗೆ ನುಗ್ಗಿದವರಲ್ಲಿ ಅವಳೂ ಒಬ್ಬಳು. ಆಮೇಲೆ ಎರಡು ವರ್ಷದಲ್ಲಿ ಹನ್ನೊಂದು ಅಂಗಡಿಗೆ ಬೀಗ ಜಡಿಸಿ ಸೀಲ್ ಹಾಕಿಸಿದ್ದಳು. ಪೇಟೆಯಲ್ಲಿ ಅವಳನ್ನು ಬೆನ್ನ ಹಿಂದೆ ‘ಸೀಲಮ್ಮ’ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಬೆಳಿಗ್ಗೆ ಗಡಿಯಾಚೆಯ ಊರಿನಲ್ಲಿ ಎರಡೂ ರಾಜ್ಯದ ಇಲಾಖೆಯವರ ಸಭೆ. ತಂಗಿಗೆ ಅಲ್ಲೇ ದರ್ಜಿಯ ಹತ್ತಿರ ಮದುವೆಯ ಬಟ್ಟೆ ತರುವುದಿತ್ತು, ಜೊತೆಗೆ ಬಂದಿದ್ದಳು. ಅಕ್ಕ ಸಭೆಯಲ್ಲಿ ಕೂತು ಬೆಂಕಿಯ ಬಗ್ಗೆ ಭಾಷಣ ಮಾಡುತ್ತಿದ್ದಾಗ ಈ ಮಹಾತಾಯಿ ಅಂಗಡಿಗೆ ಹೋಗಿದ್ದಾಳೆ!

“ನನ್ನ ಗಾಡೀಲಿ ಇಡೋಕೆ ನಿಂಗೆ ಹೇಗಾದ್ರೂ ಮನಸ್ಸು ಬಂತೇ?”

“ಇಡೀ ರಾಜ್ಯದಲ್ಲಿ ಯಾರೂ ಹುಡುಕದ ಗಾಡಿ ಅಂದ್ರೆ ಇದೊಂದೇ ಅನ್ಕೊಂಡೆ. ನಿಂಗೆ ಗೊತ್ತೇ ಆಗ್ಬಾರ್ದು ಅಂತಿದ್ದೆ. ಇವತ್ತು ಎಲ್ಲಾರ್ದೂ ತೆಗಿಸ್ತಿದಾರಲ್ಲ...”

“ಮೂರು ಸಲ ಬೇಡ ಅಂದಿದ್ನಲ್ಲೇ!”

“ನೀನು ಅಂದೆ. ನಾನು ಹೂಂ ಅಂದ್ನಾ?” ಎಂದಳು ತಂಗಿ. “ಬ್ಯಾಂಡ್ ತರಿಸೋಣ ಅಂದೆ ನೀನು. ಯಾರಿಗೆ ಬಾರಿಸೋದು? ನನ್ನ ಮಕ್ಕಳಿಗೆ ಕೇಳಲ್ಲ ಅಕ್ಕಾ. ಬೆಳಕಾದ್ರೆ ಕಾಣುತ್ತೆ.”

ತಂಗಿ ಕಿವುಡ ಮಕ್ಕಳ ಶಾಲೆಯ ಟೀಚರು. ವಯಸ್ಸು ನಲವತ್ತೊಂದು. ಇವಳಿಗೆ ಮದುವೆ ಆಗುತ್ತದೆ ಎಂಬ ಆಸೆಯನ್ನು ಬಳಗದವರೆಲ್ಲ ಬಿಟ್ಟಾಗಿತ್ತು. ಅಷ್ಟರಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಒಳ್ಳೆಯ ಮನುಷ್ಯ ಸಿಕ್ಕಿದ್ದ. ಅವನ ಹತ್ತಿರ, ಅಕ್ಕನ ಹತ್ತಿರ, ಯಾರ ಹತ್ತಿರವೂ ಏನನ್ನೂ ಕೇಳದವಳು ಇದೊಂದನ್ನು ಕೇಳಿದ್ದಳು. ಅಂಗಳದಲ್ಲಿ ಎರಡು ಸಾಲು ಮಕ್ಕಳು ಬತ್ತಿ ಹಿಡಿದು ನಿಲ್ಲಬೇಕು, ನಡುವೆ ತಾನು ಗಂಡನ ಕೈ ಹಿಡಿದು ನಡೆಯಬೇಕು.

ಮುಂದಿನ ಗಾಡಿ ಸರಿಯಿತು. ಅಕ್ಕ ಹಲ್ಲು ಕಚ್ಚಿಕೊಂಡು ಜೀಪನ್ನು ಮುಂದೆ ಬಿಟ್ಟಳು. ಸಿಕ್ಕಿಬಿದ್ದರೆ ಕೆಲಸ ಹೋದಂತೆಯೇ. ಮದುವೆಗೆ ಇನ್ನು ಆರು ದಿನ.

ಗೇಟಿನ ಕಾವಲುಗಾರ ಕೆಂಪು ಬಣ್ಣ ಕಂಡದ್ದೇ ಓಡಿ ಬಂದ. ಸಿಕ್ಕಿಬಿದ್ದೆವು ಎಂದುಕೊಂಡಳು ಅಕ್ಕ. ಅವನು ಮಾತ್ರ ಮುಖ ಅರಳಿಸಿ ಸೆಲ್ಯೂಟ್ ಹೊಡೆದ.

“ದೇವರು ಬಂದ ಹಾಗೆ ಬಂದ್ರಿ ಮೇಡಂ! ನಮ್ಮ ಸಾಹೇಬರು ಜ್ವರ ಅಂತ ಮನೆಗೆ ಹೋದ್ರು. ಒಂದು ಜಪ್ತಿ ಇದೆ, ಅಧಿಕಾರಿ ಸಹಿ ಇಲ್ಲದೆ ನಿಂತಿದೆ. ಒಂದು ನಿಮಿಷ ಇಳೀತೀರಾ?”

ಇಳಿಯದೆ ವಿಧಿಯಿರಲಿಲ್ಲ. ಶೆಡ್ಡಿನ ನೆರಳಿನಲ್ಲಿ ಒಂದು ಹಳೆಯ ಸ್ಕೂಟರು, ಅದರ ಪಕ್ಕದಲ್ಲಿ ಅರವತ್ತರ ಆಸುಪಾಸಿನ ಒಬ್ಬಾತ. ಉಗುರಿನ ಸಂದಿಯಲ್ಲಿದ್ದ ಸುಣ್ಣ ನೋಡಿದರೆ ಗೋಡೆಗೆ ಬಣ್ಣ ಹೊಡೆಯುವವನು. ಮೇಜಿನ ಮೇಲೆ ಎಂಟು ಪೆಟ್ಟಿಗೆ ಸುರುಸುರುಬತ್ತಿ.

“ಅಮ್ಮಾ, ಮಗಳ ಮದುವೆ ನಾಳೆ,” ಎಂದ ಅವನು. “ಅಂಗಡಿ ಬೋರ್ಡಲ್ಲಿ ಮದುವೆಗೆ ಅಂತಾನೇ ಬರ್ದಿತ್ತು. ಅಲ್ಲಿ ಮಾರೋದು ತಪ್ಪಲ್ಲ, ಇಲ್ಲಿ ತರೋದು ತಪ್ಪಾ? ಇದೇನು ಬಾಂಬಾ?”

“ಈ ಕಡೆ ಕಾನೂನು ಹಾಗಿದೆ,” ಎಂದಳು ಅಕ್ಕ. ದಿನಾ ಹೇಳುವ ಮಾತು, ಇವತ್ತು ನಾಲಿಗೆಗೆ ಅಂಟಿಕೊಂಡು ಬಂತು. ಸಹಿ ಹಾಕಿದಳು. ಪೆನ್ನು ಒತ್ತಿದ ರಭಸಕ್ಕೆ ಕಾಗದ ತೂತಾಯಿತು.

ಜಪ್ತಿಯಾದದ್ದನ್ನು ತಂದವರೇ ಕೈಯಾರೆ ನೀರಿಗೆ ಹಾಕಬೇಕು. ಅಧಿಕಾರಿಗಳು ಮನೆಗೆ ಒಯ್ದರು ಎಂದು ಯಾರೂ ಆಡಿಕೊಳ್ಳದಿರಲಿ ಎಂದು ಈ ಪದ್ಧತಿ ತಂದವಳೂ ಅವಳೇ. ಮುದುಕ ಅಂಗಿಯ ತೋಳು ಮಡಚಿ ಡ್ರಮ್ಮಿನ ನೀರಿಗೆ ಒಂದೊಂದೇ ಕಟ್ಟನ್ನು ಬಿಚ್ಚಿ ಮುಳುಗಿಸಿದ. ಅವಸರ ಮಾಡಲಿಲ್ಲ, ಜಗಳ ಮಾಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನಿಮ್ಮನೇಲೂ ಮದುವೆ ಆಗ್ತವಲ್ಲಮ್ಮಾ?” ಎಂದು ಕೇಳಿದ, ತಲೆ ಎತ್ತದೆ.

ಅವಳು ಬಾಯಿ ತೆರೆಯುವ ಮೊದಲೇ ಕಾವಲುಗಾರ ಉತ್ಸಾಹದಿಂದ ಮುಂದೆ ಬಂದ. “ಬರೋ ವಾರವೇ ಮೇಡಂ ತಂಗಿ ಮದುವೆ! ಅಲ್ಲಿ ಒಂದು ಕಡ್ಡೀನೂ ಹಚ್ಚಲ್ಲ, ತಿಳ್ಕೋ. ಇವರದ್ದು ಮನೆಗೊಂದು ಊರಿಗೊಂದು ನ್ಯಾಯ ಅಲ್ಲ. ಮೇಡಂ, ನೀವು ಹೊರಡಿ, ನಿಮ್ಮ ಗಾಡಿ ನಾವು ನೋಡೋದುಂಟಾ?”

ಅಕ್ಕನಿಗೆ ಆಗ ಬಂದಷ್ಟು ನಾಚಿಕೆ ಹುಟ್ಟಿದಾಗಿನಿಂದ ಬಂದಿರಲಿಲ್ಲ. ಆದರೂ ನಡೆದುಹೋಗಿ ಜೀಪು ಹತ್ತಿದಳು. ತಂಗಿ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು, ಮುಖ ಸುಣ್ಣದಂತಾಗಿತ್ತು.

“ಅಕ್ಕಾ...”

“ಬಾಯಿ ಮುಚ್ಕೊಂಡು ಕೂತ್ಕೋ. ನೀನು ಕೇಳಿದ್ದು ಇದೊಂದೇ. ದಾಟಿಸ್ತೀನಿ. ಆಮೇಲೆ ಈ ಮಾತು ಎತ್ತಬೇಡ, ಸಾಯೋವರೆಗೂ.”

ಕಾವಲುಗಾರ ಹಗ್ಗ ಎಳೆದ. ಕೆಂಪು ಬಿಳಿ ಪಟ್ಟೆಯ ಕಂಬ ಮೇಲೆದ್ದಿತು. ಅಕ್ಕ ಗೇರು ಹಾಕಿದಳು. ಜೀಪು ಎರಡು ಮಾರು ಹೋಗಿತ್ತೋ ಇಲ್ಲವೋ, ತಂಗಿ ಬಾಗಿಲು ತೆರೆದು ಒಂದು ಕಾಲನ್ನು ಹೊರಗಿಟ್ಟಳು. ಅಕ್ಕ ಬ್ರೇಕ್ ತುಳಿದದ್ದಕ್ಕೆ ಹಿಂದಿನ ಲಾರಿ ಕಿರ್ರೆಂದು ನಿಂತಿತು.

“ಹುಚ್ಚು ಹಿಡೀತೇನೇ ನಿಂಗೆ?”

“ನಂಗೆ ಆಗಲ್ಲ ಅಕ್ಕಾ. ಆ ಯಜಮಾನ್ರ ಕಣ್ಣ ಮುಂದೆ ದಾಟ್ಕೊಂಡು ಹೋಗಿ, ಆಮೇಲೆ ನನ್ನ ಮಕ್ಕಳ ಕೈಗೆ ಹೇಗೆ ಕೊಡ್ಲಿ?”

ಹಿಂದಿನ ಬಾಗಿಲು ತೆರೆದ ಸದ್ದು. ಪೈಪು ಉರುಳಿತು. ತಂಗಿ ಎದೆಗವಚಿಕೊಂಡು ಪೆಟ್ಟಿಗೆ ತರುವುದನ್ನು ಕಂಡು ಕಾವಲುಗಾರನ ನಗು ಹಾಗೇ ನಿಂತುಹೋಯಿತು.

“ಇದು ನಂದು,” ಎಂದಳು ತಂಗಿ. “ನಾನೇ ಕದ್ದು ಇಟ್ಟಿದ್ದು. ಅಕ್ಕಂಗೆ ಗೊತ್ತಿರ್ಲಿಲ್ಲ.”

ಅವನು ಒಂದು ಕೈಯಲ್ಲಿ ಹಗ್ಗ ಹಿಡಿದೇ ಅಕ್ಕನ ಕಡೆ ನೋಡಿದ. ಹೌದು ಎನ್ನಿ ಮೇಡಂ, ಮುಗಿಸಿಬಿಡೋಣ ಎಂದು ಬೇಡುವ ಹಾಗಿತ್ತು ಅವನ ಮುಖ. ಅಕ್ಕ ಇಂಜಿನ್ ಆರಿಸಿ ಇಳಿದು ಬಂದಳು.

“ಹೆಸರು... ಯಾರದು ಬರೀಲಿ ಮೇಡಂ?”

“ಗಾಡಿ ಓಡಿಸ್ತಿದ್ದವರದು. ನಿಯಮ ಗೊತ್ತಿಲ್ವಾ?”

“ಆದ್ರೆ ನಿಮಗೆ ಗೊತ್ತಿರ್ಲಿಲ್ಲ ಅಂತ...”

“ಗೊತ್ತಿತ್ತು,” ಎಂದಳು ಅಕ್ಕ. “ಆ ಯಜಮಾನ್ರ ಜಪ್ತಿಗೆ ಸಹಿ ಹಾಕೋವಾಗಲೇ ಗೊತ್ತಿತ್ತು. ಹಾಗಂತಲೇ ಬರಿ.”

ತಂಗಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಮೊದಲ ಪೆಟ್ಟಿಗೆಯನ್ನು ಇಡಿಯಾಗಿ ಡ್ರಮ್ಮಿಗೆ ಹಾಕಿದಳು. ಅದು ತೇಲಿತು. ಒತ್ತಿದಳು, ಮತ್ತೆ ಮೇಲೆ ಬಂತು. ಸ್ಕೂಟರಿನ ಹ್ಯಾಂಡಲ್ ಹಿಡಿದು ಹೊರಟಿದ್ದ ಮುದುಕ ಅದನ್ನು ನೋಡಿದ. ಸ್ಟ್ಯಾಂಡ್ ಹಾಕಿ ಬಂದು ಅವಳ ಪಕ್ಕದಲ್ಲಿ ನಿಂತ.

“ಹಾಗಲ್ಲಮ್ಮಾ. ಕಟ್ಟು ಬಿಚ್ಚಬೇಕು. ಇಲ್ದಿದ್ರೆ ಒಳಗಿಂದು ನೆನೆಯಲ್ಲ.”

ಅವನು ಬಿಚ್ಚಿ ಬಿಚ್ಚಿ ಕೊಟ್ಟ. ತಂಗಿ ಮುಳುಗಿಸಿದಳು. ಅಕ್ಕ ಜೀಪಿನಿಂದ ಉಳಿದ ಪೆಟ್ಟಿಗೆಗಳನ್ನು ಎರಡೆರಡಾಗಿ ಹೊತ್ತು ತಂದಳು. ಮೇಲೆತ್ತಿದ ಕಂಬವನ್ನು ಇಳಿಸಬೇಕೋ ಬೇಡವೋ ತಿಳಿಯದೆ ಕಾವಲುಗಾರ ಹಗ್ಗ ಹಿಡಿದುಕೊಂಡೇ ಇದ್ದ.